ನರ್ಸಬಾಯಿಯ ಗಂಡನ ಸಹಿ

ಹೋದ ರವಿವಾರ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡಕ್ಕೇ ಎದ್ದು ನಿಂತೆ. ಕಾರಣ ಹೇಳಿದರೆ ನಿಮಗೆ ನಗು ಬಂದೀತು. ಹನಮಂತ ಕತ್ತಿ ಎಳೆಯುವಾಗ ಗದ್ದದ ಹತ್ತಿರ ಒಂಚೂರು ಚರ್ಮ ಕಿತ್ತಿತು. ಅವನು ಹತ್ತಿಗೆ ಸ್ಪಿರಿಟ್ ಹಚ್ಚಿ ಒತ್ತಿದ. ವಾಸನೆ ಮೂಗಿಗೆ ಬಂದದ್ದೇ ತಡ, ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಎದ್ದು ಗೋಡೆಗೆ ಸರಿದು ನಿಂತುಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಮೂವತ್ತು ವರ್ಷ ಆ ವಾಸನೆಗೆ ಒಂದೇ ಅರ್ಥವಿತ್ತು. ಯಾರೋ ನೋವಿನವರು ಬಂದಿದ್ದಾರೆ, ನೀನು ದಾರಿ ಬಿಡು.

“ಕುಂದರ್ರಿ ಕಾಕಾ, ಇನ್ನ ಅರ್ಧ ಉಳದೈತಿ. ಹಿಂಗ ಹೋದ್ರ ಮಂದಿ ನನಗ ಬೈತಾರ” ಎಂದ ಹನಮಂತ.

ಕೂತೆ. ಬೆಂಚಿನ ಮೇಲೆ ಕೂತಿದ್ದ ನಿಂಗಪ್ಪ ಪೇಪರು ಓದುತ್ತಿದ್ದ. ಅವನಿಗೆ ಮನಸ್ಸಿನಲ್ಲಿ ಓದಿ ರೂಢಿಯಿಲ್ಲ, ಊರಿಗೆಲ್ಲ ಕೇಳಿಸಬೇಕು. “ನರ್ಸ್ ಮಂದಿ ಕಡಿಮಿ ಬಿದ್ದಾರಂತ. ಕಲಿಯೂ ಹುಡುಗ್ಯಾರ ಫೀಜು, ಹಾಸ್ಟೆಲ್ಲು, ಊಟ ಎಲ್ಲಾ ಸರಕಾರದ್ದ ಅಂತ ನೋಡ್ರಿ.”

“ಕಲಿಸಿ ಏನ್ ಮಾಡ್ತಾರ?” ಎಂದ ಬಾಜುಕ್ಕೆ ಕೂತಿದ್ದವನು. “ನಮ್ಮೂರ ದವಾಖಾನಿ ಕೀಲಿಗೆ ತುಕ್ಕ ಹಿಡದೈತಿ. ಮೊದಲ ಆ ಕೀಲಿಗೆ ಒಂದು ಇಂಜೆಕ್ಷನ್ ಮಾಡಸ್ರಿ.”

ಎಲ್ಲರೂ ನಕ್ಕರು. ಆಮೇಲೆ ಕುರ್ಚಿಯಲ್ಲಿ ಕೂತವನು ನಾನು ಎಂಬುದು ನೆನಪಾಗಿ, ಒಬ್ಬೊಬ್ಬರೇ ನಗುವುದನ್ನು ನಿಲ್ಲಿಸಿದರು.

ಆ ದವಾಖಾನೆಯಲ್ಲಿ ಕೆಲಸ ಮಾಡುತ್ತಿದ್ದವಳು ನನ್ನ ಹೆಂಡತಿ ಶಾರದಾ. ಅವಳು ನಿವೃತ್ತಿಯಾದ ಮೇಲೆ ಅಲ್ಲಿಗೆ ಯಾರೂ ಬರಲಿಲ್ಲ. ಅವಳು ತೀರಿಕೊಂಡು ಈಗ ಎಂಟು ತಿಂಗಳು.

ನಮ್ಮೂರು ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ನಾನು ನರ್ಸಬಾಯಾರ ಗಂಡ. ಸಂತೆಯಲ್ಲಿ ಬದನೆಕಾಯಿ ಮಾರುವವಳು ಕೂಡ “ಬರ್ರಿ ನರ್ಸಬಾಯಾರ ಗಂಡ” ಎನ್ನುವಳು. ನನ್ನ ಪೂರ್ಣ ಹೆಸರು ನೋಡಬೇಕೆಂದರೆ ಹೊಲದ ಪಹಣಿ ಉತಾರ ತೆಗೆಯಬೇಕಾಗುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೇ ನನ್ನ ಹೆಸರಾಯಿತು. ಈಗಲೂ ಹಾಗೇ ಕರೆಯುತ್ತಾರೆ. ಆದರೆ ಕರೆದ ಮೇಲೆ ಒಂದು ಗಳಿಗೆ ತಡವರಿಸುತ್ತಾರೆ.

ಶಾರದಾ ಕುಂದಗೋಳ ಕಡೆಯವಳು. ನರ್ಸ್ ಕಲಿಯಲು ಹೊರಟಾಗ ಅವಳ ಅಪ್ಪ, ಕಂಡಕಂಡವರ ಮೈ ಮುಟ್ಟುವ ಕೆಲಸದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಕೇಳಿದ್ದರಂತೆ. ಆ ಪ್ರಶ್ನೆಗೆ ಮುಂದೆ ಉತ್ತರವಾಗಿ ಬಂದವನು ನಾನು, ಏಳನೇ ಇಯತ್ತೆ ಓದಿ ಎರೆಹೊಲ ಮಾಡಿಕೊಂಡಿದ್ದವನು. ಖರ್ಚೆಲ್ಲ ಸರಕಾರದ್ದು ಎಂದು ತಿಳಿದ ಮೇಲೆ ಅವಳಪ್ಪ ಸುಮ್ಮನಾದರು. ಎರಡು ವರ್ಷ ಸರಕಾರ ಅವಳಿಗೆ ಹಾಸ್ಟೆಲ್ಲಿನಲ್ಲಿ ಉಣ್ಣಲು ಕೊಟ್ಟಿತು, ಉಡಲು ಬಿಳಿ ಸೀರೆ ಕೊಟ್ಟಿತು, ಕೈಗೆ ಒಂದಿಷ್ಟು ಸ್ಟೈಪೆಂಡೂ ಕೊಟ್ಟಿತು. ಅದನ್ನು ಅವಳು ಸಾಯುವತನಕ ಮರೆಯಲಿಲ್ಲ. ತಾಟಿನ ಮುಂದೆ ಕೂತಾಗ ಯಾರಾದರೂ ಬಾಗಿಲಿಗೆ ಬಂದರೆ ಕೈ ತೊಳೆದು ಏಳುವಳು. ನಾನು ಬೈದರೆ, “ಸರಕಾರದ ಅನ್ನಾ ಉಂಡ ಕಲ್ತಾಕಿ ನಾ. ಏಳಬೇಕಾಗತೈತಿ” ಎನ್ನುವಳು.

“ಸರಕಾರದ ಅನ್ನಾ ಎರಡ ವರ್ಷ ಉಂಡಿ. ನನ್ನ ಹೊಲದ ಜ್ವಾಳಾ ಇಷ್ಟ ವರ್ಷದಿಂದ ಉಣ್ಣಾಕತ್ತಿ. ನನ್ನ ಮಾತಿಗೆ ಎಂದಾದ್ರೂ ಎದ್ದಿ ಏನು?” ಎಂದು ಒಮ್ಮೆ ಕೇಳಿದ್ದೆ.

“ನಿಮಗ ಜ್ವರಾ ಬರಲಿ, ಏಳ್ತೀನಿ” ಎಂದಳು.

ಸರಕಾರದ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡಸು ನಮ್ಮ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಹೀಗಾಗಿ ನಾನು ಬಾಗಿಲಲ್ಲಿ ಕೂಡತೊಡಗಿದೆ. ಅವಳು ಉಣ್ಣುವಾಗ ಹೊಸ್ತಿಲ ಮೇಲೆ ಕೂತು, ಬಂದವರನ್ನು ನಾನೇ ತಡೆಯುತ್ತಿದ್ದೆ. ರಕ್ತ ಹರಿಯುತ್ತಿದ್ದರೆ ಒಳಗೆ ಬಿಡುವುದು, ಹೆರಿಗೆ ನೋವಾದರೆ ನಾನೇ ಕೂಗುವುದು, ಉಳಿದವರಿಗೆಲ್ಲ ಒಂದೇ ಮಾತು: “ಉಣ್ಣಾಕತ್ತಾಳ, ಐದು ಮಿನಿಟ ತಡೀರಿ.” ಜ್ವರವೋ ಬರೀ ನೆಗಡಿಯೋ ಎಂದು ಬಂದವರ ಮುಖ ನೋಡಿ ತೀರ್ಮಾನಿಸುವ ಮಟ್ಟಕ್ಕೂ ಮುಟ್ಟಿದ್ದೆ. “ನಿಮಗ ಡಾಕ್ಟರ್ ಮಾಡಿದವರ ಯಾರು?” ಎಂದು ಅವಳು ಒಳಗಿನಿಂದ ಕೇಳುವಳು. ಆದರೆ ರೊಟ್ಟಿ ಮುಗಿಸಿಯೇ ಏಳುತ್ತಿದ್ದಳು. ನಾನು ಅವಳಿಗೆ ಬಂಗಾರ ಕೊಡಿಸಿದವನಲ್ಲ, ಹೊರದೇಶ ತೋರಿಸಿದವನಲ್ಲ. ಕೊಟ್ಟದ್ದು ಏನಾದರೂ ಇದ್ದರೆ ಆ ಐದೈದು ಮಿನಿಟು. ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಇಲ್ಲಿಯವರೆಗೆ ಬಂದಿದ್ದೀರಿ.

ಅವಳಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಪಟ್ಟಣದ ಒಂದು ದೊಡ್ಡ ದವಾಖಾನೆಗೆ ಸೇರಿಸಿದೆ. ಉದ್ದನೆಯ ವಾರ್ಡು. ಹಗಲು ಪಾಳಿಗೆ ಒಬ್ಬಳೇ ನರ್ಸ್, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಬಾಜೂ ವಾರ್ಡನ್ನೂ ಅವಳೇ ನೋಡಬೇಕು. ಶಾರದಾ ಮಲಗಿದಲ್ಲಿಂದಲೇ ಎಲ್ಲವನ್ನೂ ಕಾಯುತ್ತಿದ್ದಳು. “ಆ ಮೂಲ್ಯಾಗಿನ ಮುದುಕಿ ಸಲಾಯಿನ್ ಮುಗದೈತಿ, ಹೇಳಿ ಬರ್ರಿ.” “ಆ ತಮ್ಮನ ಕಾಲ ಕೆಳಗ ಇಳಿಬಿದ್ದೈತಿ, ಎತ್ತಿ ಇಡ್ರಿ.” ನಾನು ವಾರ್ಡಿನ ತುಂಬ ಓಡಾಡುವುದನ್ನು ಕಂಡು, ಒಬ್ಬರು ನನ್ನನ್ನು ದವಾಖಾನೆಯ ಸಿಪಾಯಿ ಎಂದು ತಿಳಿದು ಜೋರು ಮಾಡಿದ್ದೂ ಆಯಿತು.

“ಆ ಹುಡುಗಿ ಮುಂಜಾನಿಂದ ಕುಂತಿಲ್ಲ ನೋಡ್ರಿ” ಎಂದು ಶಾರದಾ ದಿನಾ ಹೇಳುವಳು. ನಾನು ಹುಡುಗಿಯನ್ನೇ ಕೇಳಿದೆ, ನರ್ಸ್ ಕಲಿತವರು ಅಷ್ಟು ಕಡಿಮೆಯಾ ಎಂದು. “ನಮ್ಮ ಕ್ಲಾಸಿನ್ಯಾಗ ಭಾಳ ಮಂದಿ ಇದ್ವಿರಿ ಅಜ್ಜಾರ. ಕಾಯಂ ಮಾಡೂದಿಲ್ಲ, ಪಗಾರ ತಡಾ ಆಗತೈತಿ. ಎಲ್ಲಾರೂ ಎಲ್ಲೆಲ್ಲೋ ಹೋದ್ರು. ನಾನೂ ಕಾಂಟ್ರ್ಯಾಕ್ಟಿನಾಕಿನ” ಎಂದು ಹೇಳುತ್ತಲೇ ಮುಂದಿನ ಮಂಚಕ್ಕೆ ಹೋದಳು.

ನಾಲ್ಕನೇ ದಿನ, ಮಧ್ಯಾಹ್ನ ಮೂರರ ಸುಮಾರು. ಶಾರದಾ ನನ್ನ ಮುಂಗೈ ಹಿಡಿದು, “ಸಿಸ್ಟರನ್ನ ಕರೀರಿ” ಎಂದಳು. ಮೂವತ್ತು ವರ್ಷದಲ್ಲಿ ತನಗಾಗಿ ಒಬ್ಬರನ್ನು ಕರೆಯಲು ಅವಳು ಹೇಳಿದ್ದು ಅದೇ ಮೊದಲು. ನಾನು ಹೋದೆ. ಹುಡುಗಿ ಮೂಲೆಯ ಮೇಜಿನ ಹತ್ತಿರ ಡಬ್ಬಿ ಬಿಚ್ಚಿ ಕೂತಿದ್ದಳು. ನಾಲ್ಕು ದಿನದಲ್ಲಿ ಅವಳು ಕೂತದ್ದನ್ನು ನಾನು ಕಂಡದ್ದೂ ಅದೇ ಮೊದಲು. ಚಪಾತಿ ಮುರಿದು ಮೊದಲ ತುತ್ತು ಬಾಯಿಗೆ ಇಡುತ್ತಿದ್ದಳು.

ನಾನು ಕರೆಯಲಿಲ್ಲ. ಬಾಗಿಲಲ್ಲಿ ನಿಂತೆ. ಅಷ್ಟೇ ಅಲ್ಲ, ಇನ್ನಾರೋ ಅವಳನ್ನು ಕರೆಯಲು ಬಂದಾಗ ಕೈ ಅಡ್ಡ ಹಿಡಿದು, “ಉಣ್ಣಾಕತ್ತಾಳ, ಐದು ಮಿನಿಟ ತಡೀರಿ” ಎಂದೆ. ಅವಳು ಡಬ್ಬಿ ಮುಚ್ಚಿದ ಮೇಲೆ ಹೇಳಿದೆ. ಅವಳು ಓಡಿದಳು. ನಾನು ಮುಟ್ಟುವಷ್ಟರಲ್ಲಿ ಅವಳು ಶಾರದಾಳ ಎದೆ ಒತ್ತುತ್ತಿದ್ದಳು. ಶಾರದಾ ಉಳಿಯಲಿಲ್ಲ.

ಐದು ಮಿನಿಟು ಮೊದಲೇ ಬಂದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಬೀಗರೂ ಹಾಗೇ ಹೇಳಿದರು. ಗಂಡನ ಮನೆಯಲ್ಲಿರುವ ಮಗಳು, ನಾನು ಮಾತು ತೆಗೆದರೆ ಸಾಕು, “ಬಿಡಪಾ, ಅದನ್ನ ತಗೀಬ್ಯಾಡ” ಎನ್ನುತ್ತಾಳೆ. ನನಗೆ ಮಾತ್ರ ಎತ್ತ ಹಿಡಿದರೂ ಎಳೆ ಸಿಗುವುದಿಲ್ಲ. ಇನ್ನೊಬ್ಬ ನರ್ಸ್ ಇದ್ದಿದ್ದರೆ ಒಬ್ಬಳು ಉಣ್ಣುತ್ತಿದ್ದಳು, ಒಬ್ಬಳು ಬರುತ್ತಿದ್ದಳು. ಹಾಗಾದರೆ ತಪ್ಪು ಯಾರದು, ಅಲ್ಲಿ ಇರದಿದ್ದ ಆ ಇನ್ನೊಬ್ಬಳದೋ? ಅವಳಿಗೆ ಕಲಿಸದವರದೋ, ಕಲಿಸಿ ಕೆಲಸ ಕೊಡದವರದೋ? ಅಥವಾ ಎರಡು ಹೆಜ್ಜೆ ಮುಂದಿಟ್ಟು ಬಾಯಿ ಬಿಡದ ನನ್ನದೋ? ಆ ಹುಡುಗಿ ಉಂಡದ್ದು ತಪ್ಪೆಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಶಾರದಾ ಇದ್ದಿದ್ದರೆ, ಹುಡುಗಿ ಉಣ್ಣಲಿ ಎನ್ನುತ್ತಿದ್ದಳೇನೋ ಎನಿಸುತ್ತದೆ. ಆಮೇಲೆ, ಶಾರದಾ ಅಲ್ಲೇ ಇದ್ದಳಲ್ಲ, ಕರೆಯಿರಿ ಎಂದೇ ಹೇಳಿದ್ದಳಲ್ಲ ಎಂಬುದು ನೆನಪಾಗುತ್ತದೆ.

ಕ್ಷೌರ ಮುಗಿಸಿ ಮನೆಗೆ ಬಂದರೆ ಕಟ್ಟೆಯ ಮೇಲೆ ಕುರಿ ಕಾಯುವ ಯಲ್ಲಪ್ಪನ ಮಗಳು ಸಾವಿತ್ರಿ ಕೂತಿದ್ದಳು. ನವಲಗುಂದದಲ್ಲಿ ಪಿಯುಸಿ ಮುಗಿಸಿದ ಹುಡುಗಿ. ಅವಳು ಹುಟ್ಟಿದ್ದು ಶಾರದಾಳ ಕೈಯಲ್ಲಿ. ನಿಂಗಪ್ಪ ಓದಿದ ಸುದ್ದಿಯ ಅರ್ಜಿಯನ್ನು ಅವಳು ಆಗಲೇ ತಂದಾಗಿತ್ತು. ಮೂರು ವರ್ಷದ ಕೋರ್ಸು, ಖರ್ಚು ಸರಕಾರದ್ದು. ಆದರೆ ಕಲಿತ ಮೇಲೆ ಹಳ್ಳಿಯ ಕಡೆ ಕೆಲಸ ಮಾಡುತ್ತೇನೆಂದು ಬರೆದುಕೊಡಬೇಕು, ಅದಕ್ಕೆ ಹೊಲ ಇದ್ದವರೊಬ್ಬರು ಜಾಮೀನು ನಿಲ್ಲಬೇಕು. ಯಲ್ಲಪ್ಪನ ಹೆಸರಿನಲ್ಲಿ ಹೊಲವಿಲ್ಲ. ಶನಿವಾರ ಕೊನೆಯ ದಿನ.

“ಇಟ್ಟ ಹೋಗವಾ, ನೋಡೂಣು” ಎಂದೆ.

ಹೊಲ ಹೋದೀತು ಎಂಬ ಅಂಜಿಕೆ ನನಗಿರಲಿಲ್ಲ. ಆ ವಾರ್ಡಿನೊಳಕ್ಕೆ ಇನ್ನೊಂದು ಹುಡುಗಿಯನ್ನು ನಾನೇ ಕೈ ಹಿಡಿದು ಬಿಟ್ಟು ಬಂದಂತಾಗುತ್ತದೆ ಎನಿಸಿತು. ಮರುಗಳಿಗೆ, ಸಹಿ ಮಾಡದಿದ್ದರೆ ಯಾವುದೋ ವಾರ್ಡಿನಲ್ಲಿ ಒಬ್ಬಳು ಕಡಿಮೆಯಾಗುತ್ತಾಳೆ ಎನಿಸಿತು. ಸಹಿ ಮಾಡಿ ನನ್ನ ತಪ್ಪನ್ನು ಒರೆಸಿಕೊಳ್ಳಲು ನೋಡುತ್ತಿದ್ದೇನೆಯೇ ಎಂದೂ ಅನುಮಾನ ಬಂತು. ಅರ್ಜಿಯನ್ನು ಎರಡು ದಿನ ಗೋಡೆಯ ಈ ಮಾಡದಿಂದ ಆ ಮಾಡಕ್ಕೆ ಇಟ್ಟೆ.

ಮಂಗಳವಾರ ಯಲ್ಲಪ್ಪನೇ ಮಗಳ ಜೊತೆ ಬಂದ. “ಮಾಡ್ತೀನಿ ಅನ್ರಿ, ಇಲ್ಲಾ ಮಾಡೂದಿಲ್ಲ ಅನ್ರಿ ಕಾಕಾ. ಕುರಿಗಿ ಸೈತ ಹೌದು ಇಲ್ಲ ತಿಳೀತೈತಿ.”

“ಆ ಕೆಲಸದಾಗ ಕುಂತ ಉಣ್ಣಾಕ ಆಗೂದಿಲ್ಲೋ ಯಲ್ಲಪ್ಪ” ಎಂದೆ.

“ಕುರಿ ಹಿಂದ ಹೋದವರು ಯಾವಾಗ ಕುಂತ ಉಂಡಾರ್ರಿ?” ಎಂದ. ಚಹಾ ಕುಡಿಸಿ ಕಳಿಸಿದೆ.

ಶುಕ್ರವಾರ ಮುಂಜಾನೆ ಸಾವಿತ್ರಿ ಒಬ್ಬಳೇ ಬಂದಳು. ಅರ್ಜಿ ಕೇಳಲಿಲ್ಲ. “ಯಾಕ ಸಹಿ ಮಾಡವಲ್ರಿ ಕಾಕಾ? ನಾ ಓಡಿ ಹೋಗ್ತೀನಿ ಅಂತ ಸಂಶೇ ಏನ್ರಿ?” ಎಂದಳು.

ಅಲ್ಲವೆಂದು ಹೇಳಲು ಹೋದವನು ಎಲ್ಲವನ್ನೂ ಹೇಳಿಬಿಟ್ಟೆ. ಡಬ್ಬಿ, ಚಪಾತಿ, ಅಡ್ಡ ಹಿಡಿದ ನನ್ನ ಕೈ. ಎಂಟು ತಿಂಗಳಲ್ಲಿ ಮೊದಲ ಸಲ ಯಾರೂ ನಡುವೆ “ಬಿಡ್ರಿ” ಎನ್ನಲಿಲ್ಲ. ಅವಳು ಕೇಳಿದಳು, ಉಸಿರು ಹೆಂಗಿತ್ತು, ತುಟಿ ಯಾವ ಬಣ್ಣಕ್ಕೆ ತಿರುಗಿದ್ದವು, ಕೈ ತಣ್ಣಗಿತ್ತೇ, ಬೆವರಿತ್ತೇ ಎಂದು. ನನಗೆ ಎಲ್ಲವೂ ನೆನಪಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ.

ಎಲ್ಲ ಕೇಳಿದ ಮೇಲೆ, “ಕರೀಬೇಕಾಗಿತ್ರಿ ಕಾಕಾ” ಎಂದಳು.

ಯಾರೂ ಹೇಳದ ಮಾತು ಅದು. ಬೆನ್ನಿಗೆ ಏಟು ಬಿದ್ದಂತಾಯಿತು, ಆದರೆ ಕೂತ ಜಾಗ ಗಟ್ಟಿಯಾಯಿತು.

“ಕರದಿದ್ರ ಉಳೀತಿದ್ಲೇನು?” ಎಂದೆ.

ನನ್ನನ್ನು ಸಮಾಧಾನ ಮಾಡಲು ಒಂದು ಸುಳ್ಳು ಸಾಕಿತ್ತು. “ಅದು ನನಗ ಗೊತ್ತಿಲ್ರಿ. ಕಲ್ತ ಬಂದ ಮ್ಯಾಲೆ ಹೇಳ್ತೀನಿ” ಎಂದಳು.

ಪೆನ್ನು ಅವಳ ಹತ್ತಿರವೇ ಇತ್ತು. ಸಹಿ ಮಾಡಿದೆ. ಸಂಬಂಧ ಎಂದು ಬರೆದ ಕಡೆ ಏನು ಬರೆಯಬೇಕೆಂದು ತಿಳಿಯದೆ ಅವಳನ್ನು ಕೇಳಿದೆ. ಊರವರು ಎಂದು ಬರೆಯಿರಿ ಎಂದಳು, ಹಾಗೇ ಬರೆದೆ.

ಇಂದು ಮುಂಜಾನೆಯ ಬಸ್ಸಿಗೆ ಅಪ್ಪ ಮಗಳು ಅರ್ಜಿ ಕೊಡಲು ಹೋದರು. ಸೀಟು ಸಿಗುತ್ತದೋ ಇಲ್ಲವೋ, ಸಿಕ್ಕರೆ ಮುಗಿಸುತ್ತಾಳೋ, ಮುಗಿಸಿದರೆ ಕೆಲಸ ಕೊಡುತ್ತಾರೋ, ನನಗೆ ಒಂದೂ ಗೊತ್ತಿಲ್ಲ. ನನ್ನ ಪ್ರಶ್ನೆಗೆ ಉತ್ತರ ಬರಲು ಕಡಿಮೆಯೆಂದರೂ ಮೂರು ವರ್ಷ ಬೇಕು. ಆ ಉತ್ತರ ಎಂಥದೇ ಇರಲಿ, ಈ ಹುಡುಗಿ ಅದನ್ನು ಮುಚ್ಚಿಡುವುದಿಲ್ಲ ಎಂಬುದೊಂದು ನಂಬಿಕೆ. ನನಗೀಗ ಅರವತ್ತೇಳು. ಇಷ್ಟು ದಿನ ನಾಳೆ ಏಕೆ ಬೆಳಗಾಗಬೇಕು ಎನಿಸುತ್ತಿತ್ತು. ಇಂದು ಬಸ್ಸು ಹೋದ ಮೇಲೆ ಮನೆಗೆ ಬಂದು, ನನ್ನ ಬಿಪಿ ಗುಳಿಗೆ ಇನ್ನೆಷ್ಟು ದಿನಕ್ಕೆ ಸಾಕಾಗುತ್ತವೆ ಎಂದು ನೋಡಿದೆ.