ಉಸಿರಿನ ಜಿಪುಣಿ

ನನ್ನ ಚಿಕ್ಕಮ್ಮನಿಗೆ ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವವರು ಇಟ್ಟಿರುವ ಹೆಸರು ಜಿಪುಣಿ. ಮನೆಯಲ್ಲಿ ನೋಡಿದರೆ, ಸಾಕು ಸಾಕೆಂದರೂ ತಟ್ಟೆಗೆ ಸುರಿಯುವ ಕೈ ಅವಳದು. ಜಿಪುಣತನವೆಲ್ಲ ಆಕ್ಸಿಜನ್ ವಿಷಯದಲ್ಲಿ. ಮಕ್ಕಳ ಹೃದಯವನ್ನು ನಿಲ್ಲಿಸಿ ಆಪರೇಷನ್ ಮಾಡುವಾಗ, ರಕ್ತವನ್ನು ಕೊಳವೆಯಲ್ಲಿ ಹೊರಗೆಳೆದು ಆಕ್ಸಿಜನ್ ಬೆರೆಸಿ ಮತ್ತೆ ಮೈಗೆ ಕಳಿಸುವ ಯಂತ್ರವೊಂದಿದೆ. ಅದನ್ನು ನಡೆಸುವುದು ಅವಳ ಕೆಲಸ. ಥಿಯೇಟರಿನ ಚಳಿಗೆ ಎರಡೆರಡು ಕಾಲುಚೀಲ ಹಾಕಿಕೊಂಡು ಗಾಲಿಯ ಸ್ಟೂಲಿನ ಮೇಲೆ ಕೂತುಬಿಟ್ಟರೆ ಜಗ್ಗುವವಳಲ್ಲ.

ನನ್ನ ಮಗ ನೀಲಿ ತುಟಿಯೊಂದಿಗೇ ಹುಟ್ಟಿದ. ಹೃದಯದ ಗೋಡೆಯಲ್ಲಿ ತೂತು, ಶ್ವಾಸಕೋಶದ ಕಡೆಯ ದಾರಿ ಇಕ್ಕಟ್ಟು. ಆಪರೇಷನ್ ಆಗದಿದ್ದರೆ ಅವನು ನಮಗೆ ದಕ್ಕುವ ಹಾಗಿರಲಿಲ್ಲ. ಸಂಬಂಧಿಕರ ಮಗು, ಯಂತ್ರಕ್ಕೆ ಬೇರೆಯವರನ್ನು ಕೂರಿಸಲೇ ಎಂದು ಸರ್ಜನ್ ಕೇಳಿದ್ದರಂತೆ. ಕೈ ನಡುಗಿದ ದಿನ ನಾನೇ ಎದ್ದು ಹೋಗುತ್ತೇನೆ ಎಂದಳಂತೆ ಚಿಕ್ಕಮ್ಮ.

ಧೈರ್ಯವೇನೋ ಬಂತು. ಆದರೆ ಹೆತ್ತ ಕರುಳು ಸುಮ್ಮನಿರುತ್ತದೆಯೇ? ಆಪರೇಷನ್ನಿನ ಹಿಂದಿನ ದಿನ ಕ್ಯಾಂಟೀನಿನಲ್ಲಿ ಅವಳನ್ನು ಹಿಡಿದು ಕೇಳಿಯೇಬಿಟ್ಟೆ.

"ಚಿಕ್ಕಮ್ಮ, ನನ್ನ ಮಗೂಗಾದ್ರೂ ಧಾರಾಳವಾಗಿ ಕೊಡು. ಹುಟ್ಟಿದಾಗಿಂದ ಆಕ್ಸಿಜನ್‌ಗೇ ಬಾಯಿ ಬಿಡ್ತಿದಾನೆ."

"ಆಗಲ್ಲ," ಎಂದಳು, ಟೀಯಲ್ಲಿ ಬಿಸ್ಕತ್ತು ಅದ್ದುತ್ತ.

ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಮುಗಿಸುವವರೆಗೆ ಕಾದು ಅವಳು ಬಿಡಿಸಿ ಹೇಳಿದಳು. ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಇದೇ ಆಕ್ಸಿಜನ್. ಕಡಿಮೆಯಲ್ಲೇ ಬದುಕಿ ರೂಢಿಯಾದ ಮೈಗೆ ಅದನ್ನು ಒಮ್ಮೆಲೇ ಸುರಿದರೆ ಜೀವಕೋಶಗಳು ತಡೆದುಕೊಳ್ಳುವುದಿಲ್ಲ, ಹೃದಯದ ಸ್ನಾಯುವಿಗೇ ಪೆಟ್ಟು ಬೀಳುತ್ತದೆ. ಅವನಿಗೆ ಅಭ್ಯಾಸವಿರುವಷ್ಟರಿಂದಲೇ ಶುರುಮಾಡಿ ಮೆಲ್ಲಗೆ ಏರಿಸಬೇಕು. ಸರ್ಜನ್ ಜೊತೆ ಕೂತು ಅದನ್ನೆಲ್ಲ ತೀರ್ಮಾನಿಸಿಯೂ ಆಗಿತ್ತು.

"ನಾಳೆ ಒಳಗಡೆ ನಾನು ಅವನಿಗೆ ಅಜ್ಜಿ ಅಲ್ಲ ಕಣೆ," ಎಂದಳು. "ಅಜ್ಜಿಯಂದಿರು ಜಾಸ್ತಿ ಬಡಿಸ್ತಾರೆ."

ಮರುದಿನ ನೆಲಕ್ಕೆ ಬಿಗಿದ ಕುರ್ಚಿಗಳ ಸಾಲಿನಲ್ಲಿ ಗಂಡನ ಕೈ ಹಿಸುಕುತ್ತ ಕೂತಿದ್ದೆ. ಚಿಕ್ಕಮ್ಮ ಹೊರಗೆ ಬಂದಾಗ ಮಾಸ್ಕಿನ ದಾರ ಕೆನ್ನೆಯ ಮೇಲೆ ಗೆರೆ ಎಳೆದಿತ್ತು. ಯಂತ್ರ ನಿಲ್ಲಿಸಿದೆವು, ಅವನ ಹೃದಯ ತಾನೇ ಹೊಡೆದುಕೊಳ್ಳುತ್ತಿದೆ ಎಂದಳು. ಅಲ್ಲೇ ಅವಳ ಹೆಗಲಿಗೆ ಒರಗಿ ಅತ್ತೆ.

ಐಸಿಯುನಲ್ಲಿ, ಉಸಿರಾಟಕ್ಕೆಂದು ಗಂಟಲಿಗೆ ಹಾಕಿದ್ದ ಕೊಳವೆ ತೆಗೆದ ಮೇಲೆ ಮಗ ಕಣ್ಣುಬಿಟ್ಟು ಸುತ್ತ ನೋಡಿದ. ತುಟಿ ಸೊಟ್ಟಗಾಯಿತು. ಅತ್ತರೆ ಅವನು ಕಪ್ಪಿಟ್ಟುಹೋಗುತ್ತಿದ್ದ ಮಗು. ಹಾಗಾಗಿ ಅವನನ್ನು ಮನೆಯಲ್ಲಿ ಅಳಗೊಟ್ಟವರೇ ಇಲ್ಲ. ಕೇಳಿದ್ದೆಲ್ಲ ಕೈಗೆ ಕೊಟ್ಟು, ಹೊತ್ತು ತಿರುಗಿ ಬೆಳೆಸಿದ್ದೆವು. ಒಡಕು ದನಿಯಲ್ಲಿ ಅವನು ರಾಗ ತೆಗೆದ ಕೂಡಲೇ ಎತ್ತಿಕೊಳ್ಳಲು ಓಡಿದೆ. ಚಿಕ್ಕಮ್ಮ ಮೊಣಕೈ ಹಿಡಿದು ನಿಲ್ಲಿಸಿದಳು.

"ಅಳಲಿ ಬಿಡು. ಇನ್ಮೇಲೆ ಅಳಬಹುದು."

ಅವನು ಅತ್ತ. ಕಿವಿ, ಮೂಗು, ಹಣೆ ಎಲ್ಲ ಕೆಂಪಾದವು, ತುಟಿ ಇನ್ನೂ ಕೆಂಪಾಯಿತು. ನಾವಿಬ್ಬರೂ ಸಮಾಧಾನ ಮಾಡಲು ಹೋಗದೆ, ಅವನು ಅಳುವುದನ್ನು ನೋಡುತ್ತ ನಿಂತೆವು.