ಆನೆಗಳಿಗಾಗಿ ರೈಲು ನಿಲ್ಲಿಸಿದ ಬಿಬಿಯಾನಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾಲ್ ಮರಗಳ ನಡುವೆ ಹಾದುಹೋದ ಹಳಿಯ ಮೇಲೆ ಮಂಜು ಕವಿದುಕೊಂಡಿದೆ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಬಾವುಟ. ಬಿಬಿಯಾನಾ ಕುಜೂರ್ ಹಳಿ ಬಿಗಿಹಿಡಿಯುವ ಕೀಲು ಸಡಿಲಗೊಂಡಲ್ಲಿ ಒಂದೇಟು ಕೊಡುತ್ತ, ಮುಂದಿನದಕ್ಕೆ ಕಣ್ಣು ಹಾಯಿಸುತ್ತ ನಡೆಯುತ್ತಾರೆ. ಇದ್ದಕ್ಕಿದ್ದಂತೆ ನಿಂತು, ಹಿಂದೆ ಬರುತ್ತಿದ್ದ ನನಗೆ ಕೈ ಅಡ್ಡ ಹಿಡಿಯುತ್ತಾರೆ.

"ವಾಸನೆ ಬಂತಾ? ಹಸಿ ಲದ್ದಿ. ಮಹಾಕಾಲ ಈಗಷ್ಟೇ ದಾಟಿದಾನೆ. ಮಾತಾಡ್ಬೇಡಿ, ಸುಮ್ನೆ ನನ್ ಹಿಂದೆ ಬನ್ನಿ."

ಬೆಟ್ಟದ ತಪ್ಪಲಿನ ನಮ್ಮ ಡುವಾರ್ಸ್ ಕಡೆ ಕಾಡಿನೊಳಗೆ ನಿಂತು ಆನೆಯನ್ನು ಆನೆ ಎಂದು ಕರೆಯುವವರು ಕಡಿಮೆ; ಮಹಾಕಾಲ ಎನ್ನುತ್ತಾರೆ.

ಅಭಯಾರಣ್ಯವನ್ನು ಸೀಳಿಕೊಂಡು ಹೋಗುವ ಈ ಹಳಿಯ ಆರೇಳು ಕಿಲೋಮೀಟರ್ ಬಿಬಿಯಾನಾ ಪಾಲಿನದು. ದಿನವೂ ಹಳಿ ಪರೀಕ್ಷಿಸುತ್ತ ನಡೆದು ಹೋಗಬೇಕು, ನಡೆದೇ ಹಿಂತಿರುಗಬೇಕು. ಮೊದಲು ಈ ಕೆಲಸ ಅವರ ಗಂಡ ಇಲಿಯಸ್ ಮಾಡುತ್ತಿದ್ದರು. ಒಂದು ಚಳಿಗಾಲದ ಮುಂಜಾನೆ ಕೆಲಸಕ್ಕೆ ಹೋದವರು ವಾಪಸು ಬರಲಿಲ್ಲ. ಮಂಜಿನಲ್ಲಿ ಸಲಗವೊಂದು ಎದುರಾಗಿತ್ತು.

"ಸುತ್ತಿಗೆ ಹಳಿ ಮೇಲೇ ಇತ್ತು. ಅವನು ಕೆಳಗೆ ಚರಂಡೀಲಿ ಬಿದ್ದಿದ್ದ. ಭುಜ ಹಿಡಿದು ಅಲ್ಲಾಡಿಸ್ದೆ. ಎದ್ದೇಳು, ಎದ್ದೇಳು ಅಂತ ಬೈದೆ."

ಅಲ್ಲಿಯವರೆಗೆ ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದ ಬಿಬಿಯಾನಾಗೆ ಗಂಡನ ಕೆಲಸ ಸಿಕ್ಕಿತು. ಕೈಗೆ ಬಂದದ್ದೂ ಅವರದೇ ಸುತ್ತಿಗೆ.

ಹಳಿಯ ಪಕ್ಕದ ಕಲ್ಲಿನ ಮೇಲೆ ಕುಳಿತು, ಉಪ್ಪು ಹಾಕಿದ ಕೆಂಪು ಚಹಾ ಬಟ್ಟಲಿಗೆ ಬಗ್ಗಿಸುತ್ತ ಅವರು ಕೆಲಸಕ್ಕೆ ಸೇರಿದ ಎರಡನೆಯ ಚಳಿಗಾಲದ ಮಾತು ತೆಗೆಯುತ್ತಾರೆ. ದನಿ ಇಳಿಯುತ್ತದೆ.

"ಅಗೋ, ಆ ತಿರುವಿನಲ್ಲಿ ಒಂದು ಹಿಂಡು ಹಳಿ ಮೇಲೆ ನಿಂತಿತ್ತು. ನನ್ ಬೆನ್ನ ಹಿಂದಿಂದ ಗೂಡ್ಸ್ ಬರ್ತಿತ್ತು. ಬಾವುಟ ಕೈಯಲ್ಲೇ ಇತ್ತು. ತಿರುಗಿ ಗಾಡಿ ಕಡೆ ಓಡ್ಬೇಕಿತ್ತು. ಓಡ್ಲಿಲ್ಲ. ಇಲಿಯಸ್ ನೆನಪಾದ. ಬರ್ಲಿ ಬಿಡು ಅಂದ್ಕೊಂಡು ಪಕ್ಕಕ್ಕೆ ಇಳಿದೆ."

ಬಟ್ಟಲನ್ನು ಕಲ್ಲಿನ ಮೇಲೆ ಇಡುತ್ತಾರೆ.

"ಮರಿ ಹಳಿ ನಡುವೆ ಸಿಕ್ಕಾಕ್ಕೊಂಡಿತ್ತು. ತಾಯಿ ಅದನ್ನ ತಲೇಲಿ ತಳ್ತಾ ಇತ್ತು. ಗಾಡಿ ಇಬ್ಬರನ್ನೂ ಬಡ್ಕೊಂಡು ಹೋಯ್ತು. ದೊಡ್ಡ ಸದ್ದು ಬರುತ್ತೆ ಅಂದ್ಕೊಂಡಿದ್ದೆ. ಇಲ್ಲ. ಮೆತ್ತಗಿತ್ತು. ಹಿಟ್ಟಿನ ಮೂಟೆ ಬಿದ್ದ ಹಾಗೆ."

ಮರಿ ಅಲ್ಲೇ ಸತ್ತಿತ್ತು. ಹಿಂಗಾಲು ಮುರಿದ ತಾಯಿ ಮುಂಗಾಲಿನಲ್ಲೇ ಮೈ ಎಳೆದುಕೊಂಡು ಮರಿಯ ಹತ್ತಿರ ಹೋಯಿತು. ಸೊಂಡಿಲಿನಿಂದ ಅದರ ಬಾಯಿ ಮುಟ್ಟಿತು, ಹೆಗಲು ಹಿಡಿದು ಎತ್ತಲು ನೋಡಿತು. ಮಧ್ಯಾಹ್ನದವರೆಗೂ ಅದೇ, ಆಮೇಲೆ ಅದರ ಉಸಿರೂ ನಿಂತಿತು.

"ನಾನು ಇಲಿಯಸ್‌ಗೆ ಮಾಡಿದ್ನಲ್ಲ, ಅದನ್ನೇ ಮಾಡ್ತಿತ್ತು."



ತನಿಖೆ ನಡೆಯಿತು. ಮಂಜು ಕಾರಣ ಎಂದಾಯಿತು. ಬಿಬಿಯಾನಾ ನಿಜ ಹೇಳಿದ್ದು ಹಳಿ ಕೆಲಸದ ಗ್ಯಾಂಗಿನ ಮೇಸ್ತ್ರಿ ಹರೇನ್ ಬರ್ಮನ್ ಒಬ್ಬರಿಗೆ ಮಾತ್ರ. ಅವರು ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟರಂತೆ.

"ನೀ ಓಡಿದ್ರೂ ಅದು ನಿಲ್ತಿರ್ಲಿಲ್ಲ ದೀದಿ," ಎಂದರಂತೆ ಕೊನೆಗೆ.

"ನಿಲ್ತಿತ್ತೋ ಇಲ್ವೋ ಹರೇನ್ ದಾ. ನಾನು ಓಡ್ಲಿಲ್ವಲ್ಲ."

ಕಳೆದ ಚಳಿಗಾಲದಲ್ಲಿ ಮತ್ತೆ ಅದೇ ತಿರುವು, ಮತ್ತೊಂದು ಹಿಂಡು. ಈ ಸಲ ಬರುತ್ತಿದ್ದದ್ದು ಪ್ಯಾಸೆಂಜರ್ ಗಾಡಿ. ಬಿಬಿಯಾನಾ ಸುತ್ತಿಗೆ ಎಸೆದು ಗಾಡಿ ಬರುವ ದಿಕ್ಕಿಗೆ ಓಡಿದರು. ಜಲ್ಲಿಯಲ್ಲಿ ಎಡವಿ ಬಿದ್ದರು, ಎದ್ದು ಮತ್ತೆ ಓಡಿದರು. ಚಕ್ರ ಹತ್ತಿದರೆ ಸಿಡಿದು ಚಾಲಕನನ್ನು ಎಚ್ಚರಿಸುವ ಪಟಾಕಿಯನ್ನು ಹಳಿಗೆ ಕಟ್ಟಿ, ಬಾವುಟ ಬಿಚ್ಚಿ ಹಳಿಯ ನಡುವೆಯೇ ನಿಂತರು. ಪಟಾಕಿ ಸಿಡಿಯಿತು. ಇಂಜಿನ್ ಕಿರುಚಿಕೊಂಡು ಮೈಮೇಲೇ ಬಂದಂತೆ ಬಂತು. ಕೊನೆಯ ಗಳಿಗೆಯಲ್ಲಿ ಅವರು ಪಕ್ಕಕ್ಕೆ ಹಾರಿದರು. ಗಾಡಿ ಅವರನ್ನು ದಾಟಿ ಹೋಗಿ, ತಿರುವಿನ ಬಾಯಲ್ಲಿ ನಿಂತಿತು.

ಕಿಟಕಿಗಳಿಂದ ತಲೆಗಳು ಹೊರಬಂದವು. "ಏನಮ್ಮಾ, ಸಾಯೋಕೆ ನಮ್ ಗಾಡೀನೇ ಬೇಕಿತ್ತಾ?" ಎಂದು ಒಬ್ಬ ಕೂಗಿದ. ಚಾಲಕ ಮಾತ್ರ ಇಳಿದು ಬಂದ. ಮುಂದೆ ಹಳಿಯ ಮೇಲಿದ್ದ ಹಿಂಡನ್ನು ನೋಡಿದ, ಬಿಬಿಯಾನಾರ ಮೊಣಕಾಲಿನ ರಕ್ತ ನೋಡಿದ. ಹಿಂತಿರುಗಿ ಇಂಜಿನ್‌ನಿಂದ ನೀರಿನ ಬಾಟಲಿ ತಂದು ಅವರ ಕೈಗಿಟ್ಟ.

ಮರಿಗಳು ಮೊದಲು, ಹೆಣ್ಣಾನೆಗಳು ಆಮೇಲೆ, ಎಲ್ಲಕ್ಕಿಂತ ಹಿಂದೆ ಒಂದು ಸಲಗ. ಹಿಂಡು ಇಳಿದು ಕಾಡು ಸೇರಿತು.

ನಿಮಗೇನು ಬೇಕು ಎಂದು ಕೇಳಿದರೆ ಬಿಬಿಯಾನಾ ನಗುತ್ತಾರೆ. "ರಾತ್ರಿ ಗಾಡಿ ನಿಧಾನ ಬರ್ತಾವೆ. ಮಂಜಿದ್ದಾಗ ಬೆಳಿಗ್ಗೇನೂ ಹಾಗೇ ಬರ್ಲಿ. ನನ್ ಕಾಲಿಗೂ ವಯಸ್ಸಾಯ್ತು."

ಗಾಡಿ ನಿಲ್ಲಿಸಿದ ದಿನದ ಸುದ್ದಿ ಅವರಿಗಿಂತ ಮೊದಲೇ ಮನೆ ತಲುಪಿತ್ತು. ಇಲಿಯಸ್‌ನ ತಾಯಿ ಬಾಗಿಲಲ್ಲೇ ಕಾದಿದ್ದರು. "ಗಂಡನ್ನ ತುಳಿದೋರಿಗೆ ಕಾವಲು ನಿಂತ್ಯಾ?" ಎಂದು ಒಳಗೆ ಹೋದರು. ದೀಪ ಹಚ್ಚುವ ಹೊತ್ತಿಗೆ ಬಿಸಿನೀರು ತಂದು, ಸೊಸೆಯ ಮೊಣಕಾಲು ಒರೆಸುತ್ತ ಮೆಲ್ಲಗೆ ಕೇಳಿದರಂತೆ:

"ಅದ್ರಲ್ಲಿ ನನ್ ಮಗನ್ನ ಕೊಂದೋನೂ ಇದ್ನೇನೆ?"

"ಇದ್ದಿರಬಹುದು ಅತ್ತೆ," ಎಂದರು ಬಿಬಿಯಾನಾ. "ಎಲ್ಲರೂ ದಾಟಿದ್ರು."