ಗುಂಡುಸೂಜಿ ಅಕ್ಕ ಮತ್ತು ಗುಟ್ಟಿನ ಕೋಟು

ಗುಂಡುಸೂಜಿ ಅಕ್ಕನಿಗೆ ಮಾತು ಬರುವುದಿಲ್ಲ ಎಂದೇ ಈ ಬರಹಗಾರ ಬಹಳ ಕಾಲ ನಂಬಿದ್ದ. ಹೊಲಿಗೆ ಅಂಗಡಿಗೆ ಹೋದಾಗಲೆಲ್ಲ ಆಕೆ ತುಟಿ ಬಿಗಿದು, ತಲೆಯಾಡಿಸಿ, ಹುಬ್ಬು ಹಾರಿಸಿಯೇ ಕೆಲಸ ಮುಗಿಸುತ್ತಿದ್ದಳು. ಪಾಪ ಅನ್ನಿಸಿ ಅವನೂ ಪ್ಯಾಂಟಿನ ಸೊಂಟ ಸಡಿಲವಾಗಿರುವುದನ್ನು ಕೈಸನ್ನೆಯಲ್ಲೇ ಹೇಳಲು ಹೊರಟು, ಪ್ಯಾಂಟು ಜಾರುವುದನ್ನೂ, ಜನ ನಗುವುದನ್ನೂ, ತಾನು ಓಡುವುದನ್ನೂ ಅಭಿನಯಿಸಿ ತೋರಿಸಿದ. ಆಕೆ ತುಟಿಗಳ ನಡುವಿನಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ನಾಟಕ ಮುಗೀತಾ ಸಾರ್? ಸೊಂಟ ಎಷ್ಟು ಹಿಡೀಬೇಕು ಹೇಳಿ."

ಆ ಬೀದಿಯಲ್ಲಿ ಆಕೆಯಷ್ಟು ಮಾತಾಡುವವರು ಇನ್ನೊಬ್ಬರಿಲ್ಲ ಎಂದು ಆಮೇಲೆ ಗೊತ್ತಾಯಿತು. ಸೂಜಿ ಬಾಯಲ್ಲಿದ್ದಷ್ಟು ಹೊತ್ತು ಮಾತ್ರ ನೆರೆಹೊರೆಗೆ ವಿಶ್ರಾಂತಿ.

ಇಂಥ ಅಕ್ಕನಿಗೆ ಬದುಕಿನಲ್ಲಿದ್ದ ಆಸೆ ಒಂದೇ: ಕಿಟಕಿ ಪಕ್ಕದ ಹೊಲಿಗೆ ಮಿಷನ್ನು. ಕೆಲಸಕ್ಕೆ ಸೇರಿದಾಗಿನಿಂದ ಅವಳು ಕೂತದ್ದು ಅಂಗಡಿಯ ಹಿಂಬದಿ, ಇಸ್ತ್ರಿಯ ಆವಿ ಮುಖಕ್ಕೆ ಹೊಡೆಯುವ ಮೂಲೆಯಲ್ಲಿ. ಅಲ್ಲಿ ಮಾತಿಗೆ ಸಿಗುತ್ತಿದ್ದದ್ದು ತಲೆಯಿಲ್ಲದ ಬೊಂಬೆಯೊಂದೇ. ಕಿಟಕಿಯಲ್ಲಾದರೆ ಹೋಗುವವರು, ಬರುವವರು, ಜಗಳವಾಡಿದವರು, ರಾಜಿಯಾದವರು, ಎಲ್ಲರೂ ಕೈಗೆಟುಕುವಷ್ಟು ಹತ್ತಿರ. ಆ ಮಿಷನ್ನಿನಲ್ಲಿ ಕೂರುತ್ತಿದ್ದ ಹಿರಿಯರು ಕೆಲಸ ಬಿಟ್ಟು ಜಾಗ ಖಾಲಿಯಾಗಿತ್ತು. ಅಕ್ಕನಿಗೆ ಬಾಯಲ್ಲಿ ನೀರೂರಿತು, ಸೂಜಿಗಳಿಗೆ ತುಕ್ಕು ಹಿಡಿಯುವಷ್ಟು.

ಅಂಗಡಿಯ ಯಜಮಾನ ಮೊದಲು ಬರೀ ಮಾಸ್ಟರು. ಶಾಲೆಯ ಸಮವಸ್ತ್ರ ಹೊಲಿದು ಹೊಲಿದು ಬೇಸತ್ತು, ಬೋರ್ಡಿನ ಮೇಲೆ 'ಟೈಲರ್ಸ್' ಅಳಿಸಿ 'ಫ್ಯಾಷನ್ ಸ್ಟುಡಿಯೋ' ಎಂದು ಬರೆಸಿದ. ಅಂದಿನಿಂದ ಅಂಗಡಿಯ ಒಳಗೂ ಕಪ್ಪು ಕನ್ನಡಕ. ಕಪ್ಪು ದಾರ ಯಾವುದು, ನೀಲಿ ದಾರ ಯಾವುದು ಎಂದು ಅಕ್ಕನನ್ನೇ ಕೇಳಬೇಕು. "ಮಾಸ್ಟ್ರೇ ಅನ್ಬೇಡ, ಡಿಸೈನರ್ ಅನ್ನು" ಎಂದು ಅವನೂ, "ನಾಲಿಗೆ ಹೊರಳಲ್ಲ ಮಾಸ್ಟ್ರೇ" ಎಂದು ಅವಳೂ ಹಟ ಹಿಡಿದು, ಕೊನೆಗೆ 'ಡಿಸೈನರ್ ಮಾಸ್ಟ್ರು' ಎಂಬಲ್ಲಿ ರಾಜಿಯಾಗಿದ್ದರು.

ಊರಿನ ಸಭಾಂಗಣದಲ್ಲಿ ಉಡುಪುಗಳ ಪ್ರದರ್ಶನ ನಿಗದಿಯಾದಾಗ ಮಾಸ್ಟರ ತಲೆಯಲ್ಲಿ ಒಂದು ವಿನ್ಯಾಸ ಹುಟ್ಟಿತು. ಹುಟ್ಟಿದ ಗಳಿಗೆಯಿಂದಲೇ ಅದನ್ನು ಯಾರೋ ಕದಿಯುತ್ತಾರೆ ಎಂಬ ದಿಗಿಲು. ವಕೀಲರ ಬಳಿ ಓಡಿ ಗೌಪ್ಯತಾ ಒಪ್ಪಂದ ಬರೆಸಿದ. ಏನು ಗೌಪ್ಯ ಎಂದು ವಕೀಲರಿಗೂ ಹೇಳಲಿಲ್ಲ. ಹಾಗಾಗಿ ಅವರು ಉದ್ದಕ್ಕೂ 'ಸದರಿ ವಸ್ತುವಿನ ಸದರಿ ವಿನ್ಯಾಸ' ಎಂದೇ ಬರೆದು ಕೈತೊಳೆದುಕೊಂಡರು. ಚಹಾ ತರುವವನು, ಕರೆಂಟು ಮೀಟರ್ ನೋಡಲು ಬಂದವನು, ಮಹಡಿಯ ಹಲ್ಲಿನ ಡಾಕ್ಟರ ಕ್ಲಿನಿಕ್ಕೆಂದು ತಪ್ಪಿ ಒಳಬಂದ ಕೆನ್ನೆ ಊದಿದ ಮನುಷ್ಯ, ಎಲ್ಲರ ಸಹಿಯೂ ಬಿತ್ತು.

ಅಕ್ಕನ ಮುಂದೆ ಅವನು ಹಸಿರು ಬಟ್ಟೆಯ ತುಂಡೊಂದನ್ನು ಇಟ್ಟ. "ಇದು ತೋಳು. ಹೊಲಿ."

"ಎಡತೋಳೋ, ಬಲತೋಳೋ?"

"ಅದು ಗೌಪ್ಯ."

"ಅಯ್ಯೋ, ಹೊಲಿಯೋಳಿಗೂ ಗೌಪ್ಯವಾದ್ರೆ ಹೇಗೆ ಡಿಸೈನರ್ ಮಾಸ್ಟ್ರೇ?"

"ಎರಡು ತೋಳೂ ಒಬ್ಬರ ಕೈಗೆ ಕೊಡಲ್ಲ ನಾನು. ಇನ್ನೊಂದನ್ನ ಬೇರೆ ಕಡೆ ಕೊಟ್ಟಿದೀನಿ. ಪ್ರದರ್ಶನದವರೆಗೆ ಬಾಯಿ ಬಿಡದಿದ್ರೆ ಕಿಟಕಿ ಮಿಷನ್ ನಿಂದು. ಬಿಟ್ಟೆಯೋ, ಇಸ್ತ್ರಿ ಮೂಲೆಯಲ್ಲೇ ಮುದುಕಿ ಆಗ್ತೀಯ."

ಅಕ್ಕ ಸಹಿ ಹಾಕಿದಳು. ತನ್ನ ನಾಲಿಗೆಯ ಮೇಲೆ ತನಗೇ ನಂಬಿಕೆ ಇಲ್ಲದ್ದರಿಂದ ಸೂಜಿಗಳನ್ನು ಮನೆಗೂ ಕಚ್ಚಿಕೊಂಡೇ ಹೋದಳು. ಮನೆಯಲ್ಲಿ ನೋಡಿದರೆ ಗಂಡನ ಬಾಯಲ್ಲೂ ಸೂಜಿ. ಅವನು ಹಿಂದಿನ ಬೀದಿಯ ಅಂಗಡಿಯಲ್ಲಿ ಕೋಟು ಹೊಲಿಯುವವನು. ಇಬ್ಬರೂ ಊಟಕ್ಕೆ ಮಾತ್ರ ಸೂಜಿ ತೆಗೆದು, ಕೈ ತೊಳೆದು ಮತ್ತೆ ಕಚ್ಚಿಕೊಳ್ಳುತ್ತಿದ್ದರು. ಮಾತಿಲ್ಲ, ಕಥೆಯಿಲ್ಲ.

ಅತ್ತೆಗೆ ಇದನ್ನು ಸಹಿಸಲಾಗಲಿಲ್ಲ. "ಜಗಳ ಆಡೋದಾದ್ರೆ ಬಾಯಿಬಿಟ್ಟು ಆಡಿ. ವಯಸ್ಸಾದೋಳು, ನನಗೂ ಹೊತ್ತು ಹೋಗ್ಬೇಕಲ್ಲ."

ಪ್ರದರ್ಶನಕ್ಕೆ ಮೊದಲು ಕೋಟಿಗೆ ತೋಳು ಜೋಡಿಸುವ ಕೆಲಸವೂ ಅಕ್ಕನ ಪಾಲಿಗೇ ಬಂತು. ಇನ್ನೊಂದು ತೋಳು ಪೊಟ್ಟಣದಲ್ಲಿ ಬಂದಿತ್ತು. ಬಿಚ್ಚಿ ತನ್ನದರ ಪಕ್ಕ ಇಟ್ಟಳು. ತಿರುಗಿಸಿದಳು, ಮಗುಚಿದಳು. ಎರಡೂ ಎಡತೋಳು. ಕಪ್ಪು ಕನ್ನಡಕದ ಮಹಾನುಭಾವ ಎರಡು ತೋಳನ್ನೂ ಅಚ್ಚು ಮಗುಚದೆ ಬಟ್ಟೆಯ ಒಂದೇ ಬದಿಯಿಂದ ಕತ್ತರಿಸಿದ್ದ. ಪೊಟ್ಟಣದ ತೋಳಿನ ದಾರದ ತುದಿ ನೋಡಿದರೆ ಗಂಟಿನ ಮೇಲೆ ಗಂಟು, ಅದರ ಮೇಲೊಂದು ಗಂಟು. ಪೈಜಾಮದ ಲಾಡಿಗೂ ಹಾಗೇ ಹಾಕಿಕೊಂಡು ಆಮೇಲೆ ಒದ್ದಾಡುವ ಮನುಷ್ಯ ಊರಿನಲ್ಲಿ ಒಬ್ಬನೇ. ಅವನನ್ನೇ ಅವಳು ಮದುವೆಯಾಗಿದ್ದಳು.

ಮಾಸ್ಟರು ತನ್ನ ತಪ್ಪು ಒಪ್ಪುವವನಲ್ಲ; ಗಂಡನಿಗೆ ಹೇಳಿದರೆ ಕಿಟಕಿ ಹೋಯಿತು. ಹೇಳದಿದ್ದರೆ ಕೋಟು ಕೆಟ್ಟಿತು, ಕೆಟ್ಟ ಕೋಟಿನ ಅಪವಾದ ಜೋಡಿಸಿದವಳ ತಲೆಗೆ ಬಂದು ಆಗಲೂ ಕಿಟಕಿ ಹೋಯಿತು. ಸಂಜೆ ಊಟಕ್ಕೆ ಕೂತು, ಸೂಜಿ ತೆಗೆದು ಅವಳು ಕೇಳಿದಳು:

"ರೀ, ಒಬ್ಬ ಮನುಷ್ಯನಿಗೆ ಎಡಗೈ ಎಷ್ಟು?"

ಗಂಡನ ತುತ್ತು ಅರ್ಧದಲ್ಲೇ ನಿಂತಿತು. "ಒಂದೇ ಅಲ್ವೇನೇ?"

"ನಾನೂ ಹಾಗೇ ಅಂದ್ಕೊಂಡಿದ್ದೆ."

"ನೀನೇನೂ ಹೇಳ್ತಿಲ್ಲ ತಾನೇ?"

"ನಾನೇನೂ ಹೇಳ್ತಿಲ್ಲ. ನೀವೂ ಏನೂ ಕೇಳ್ತಿಲ್ಲ."

"ನಾನ್ಯಾಕೆ ಕೇಳ್ಲಿ? ಹಸಿರು ಬಟ್ಟೆ ಅಂದ್ರೆ ಏನು ಅಂತಲೇ ನನಗೆ ಗೊತ್ತಿಲ್ಲ."

ಇಬ್ಬರೂ ಗಬಗಬನೆ ಉಂಡು ಸೂಜಿ ಕಚ್ಚಿಕೊಂಡರು. ಆದರೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಬೆಳಗಾಗುತ್ತಲೇ ಅಂಗಡಿಯ ಮುಂದೆ ನಿಂತು, ಕಿವಿ ಸ್ವಲ್ಪ ಮಂದವಾದವರ ಗಂಟಲಲ್ಲಿ ಕೇಳಿದರು: "ಏನಪ್ಪಾ ಮಾಸ್ಟ್ರೇ, ನೀನು ಹೊಲಿಸ್ತಿರೋ ಬಟ್ಟೆಗೆ ಎರಡೂ ಎಡತೋಳೇನೋ?"

ಮಾಸ್ಟರು ಕನ್ನಡಕ ಕಿತ್ತು ಬೀದಿಗೆ ಹಾರಿದ. "ಯಾರಮ್ಮ ಹೇಳಿದ್ದು? ಬೆನ್ನ ಮೇಲೆ ಜೇಬಿರೋ ಹಸಿರು ಕೋಟಿನ ವಿಷಯ ಯಾರು ಬಾಯಿ ಬಿಟ್ಟಿದ್ದು?"

ಚಹಾದವನು ಲೋಟ ಹಿಡಿದೇ ನಿಂತ. "ಬೆನ್ನ ಮೇಲೆ ಜೇಬಾ?"

"ಜೇಬಿನ ವಿಷಯ ನನಗೆ ಗೊತ್ತಿರ್ಲಿಲ್ಲಪ್ಪ," ಎಂದರು ಅತ್ತೆ. "ಈಗ ನೀನೇ ಹೇಳ್ದೆ."

ಮಾಸ್ಟರು ಅಕ್ಕನ ಕಡೆ ತಿರುಗಿದ. "ಎಡತೋಳಿನ ಮಾತು ನಿನ್ನ ಬಾಯಿಂದಲೇ ಹೋಗಿರೋದು."

ಅಕ್ಕ ಸೂಜಿ ತೆಗೆದಳು. "ಮನುಷ್ಯನಿಗೆ ಎಡಗೈ ಒಂದೇ ಅಂದೆ. ಅದು ದೇವರ ಡಿಸೈನು, ನಿಮ್ಮದಲ್ಲ. ಕಿಟಕಿ ಮಿಷನ್ನಿಗೆ ಎಣ್ಣೆ ಬಿಡ್ಲಾ ಡಿಸೈನರ್ ಮಾಸ್ಟ್ರೇ?"

ಉಳಿದ ಬಟ್ಟೆಯಲ್ಲಿ ಗಂಡ ಬಲತೋಳೊಂದನ್ನು ಹೊಲಿದುಕೊಟ್ಟ. ಕೋಟು ವೇದಿಕೆ ಹತ್ತಿ ಇಳಿಯಿತು. ಕದಿಯುವವರು ಯಾರೂ ಬರಲಿಲ್ಲ ಎಂಬ ಸಂಕಟ ಮಾಸ್ಟರಿಗೆ ಇಂದಿಗೂ ಇದೆ. ಅಕ್ಕ ಕಿಟಕಿಯಲ್ಲಿ ಕೂತಿದ್ದಾಳೆ. ಬೀದಿಯವರು ಅವಸರವಿದ್ದರೆ ಆಚೆ ಬದಿಯಲ್ಲಿ ಹೋಗುತ್ತಾರೆ.

ಮೊನ್ನೆ ಈಚೆ ಬದಿಯಲ್ಲಿ ಸಿಕ್ಕಿಬಿದ್ದ ಈ ಬರಹಗಾರ, ಬಹಳ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಕೇಳಿಯೇಬಿಟ್ಟ: "ಅಲ್ಲಮ್ಮಾ, ಬೆನ್ನ ಮೇಲಿನ ಜೇಬಿಗೆ ಕೈ ಹಾಕೋದು ಹೇಗೆ?"

"ನೀವ್ಯಾಕೆ ಹಾಕ್ತೀರಿ ಸಾರ್? ಕೋಟು ನಿಮ್ಮದು, ಜೇಬು ಹಿಂದೆ ನಿಂತೋರದ್ದು."